ಗೆರೆ ಕೊರೆದವನ ಪಾಲು

ನಾನು ದುಡಿದ ಹಡಗು ಈಗಿಲ್ಲ. ತುಂಡು ತುಂಡು ಮಾಡಿ ಗುಜರಿಗೆ ಹಾಕಿದರು. ಪೇಪರಿನಲ್ಲಿ ಅದರ ಫೋಟೊ ಬಂದ ದಿನ ನನ್ನ ಹೆಂಡತಿ, "ನಿಮ್ಮ ಮೊದಲನೇ ಹೇಂತಿ ಹೋದ್ಲು ನೋಡ್ರಿ" ಎಂದು ಚೇಷ್ಟೆ ಮಾಡಿದಳು. ಆ ಹಡಗಿನ ದೆಸೆಯಿಂದ ನಮ್ಮ ಮದುವೆ ಮುರಿದೇ ಹೋಗುವುದಿತ್ತು. ತಪ್ಪು ಹಡಗಿನದಲ್ಲ, ನನ್ನ ಬಾಯಿಯದು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಇನ್ನು ಧಾರವಾಡಕ್ಕೆ ಎಡತಾಕುವುದು ತಪ್ಪಿತೆಂದು ಬೆಟಗೇರಿಯ ನಮ್ಮ ಓಣಿಯವರೆಲ್ಲ ಖುಷಿಯಲ್ಲಿದ್ದರು. ನೌಕಾಪಡೆಯಿಂದ ರಜೆಗೆ ಬಂದಿದ್ದ ನನ್ನನ್ನು ಅಪ್ಪ ಮುಂಡರಗಿ ಕಡೆಯ ಹಳ್ಳಿಯೊಂದಕ್ಕೆ ಹೆಣ್ಣು ನೋಡಲು ಕರೆದೊಯ್ದ. ಅಪ್ಪ ಕಲಾಯಿಗಾರ. ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿದು ಬೆಳ್ಳಗೆ ಮಾಡುವುದು ಅವನ ಕಸುಬು. ಆ ಮಸಿಗೆ ನಾಚಿಯೇ ನಾನು ಹಡಗು ಹತ್ತಿದ್ದು. ಅದಕ್ಕೇ ಅವತ್ತು ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ತೊಟ್ಟಿದ್ದೆ. ಬಸ್ಸಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ಬಾಯಿ ಸ್ವಲ್ಪ ಕಡಿಮಿ ಮಾಡು."

ಹುಡುಗಿಯ ಮನೆಯವರು ಒಕ್ಕಲುತನದವರು. ನಮ್ಮ ಹಾಗೆಯೇ ಅವರದೂ ಮನೆಯಲ್ಲಿ ಉರ್ದು, ವ್ಯವಹಾರ ಮತ್ತು ಜಗಳ ಕನ್ನಡದಲ್ಲಿ. ಪರದೆಯ ಹಿಂದಿನಿಂದ ಚಹಾದ ತಟ್ಟೆ ಚಾಚಿದ ಹುಡುಗಿಯ ಮುಖ ಒಂದು ಗಳಿಗೆ ಕಂಡಿತು. ಅಷ್ಟೇ ಸಾಕಾಯಿತು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ನಿಶ್ಚಯ ಮಾಡಿದೆ. ಆ ಮನೆಯಲ್ಲಿ ನಡೆಯುವುದು ಹುಡುಗಿಯ ಅಜ್ಜಿಯ ಮಾತು ಎಂದು ಗೊತ್ತಾಗಿ, ಆಕೆಯ ಮುಂದೆ ನನ್ನ ಹಡಗಿನ ಕಥೆ ಬಿಚ್ಚಿದೆ.

ಅದು ಇಂಗ್ಲೆಂಡಿನವರು ಕಟ್ಟಿದ ಹಡಗು. ಅದರ ಬೆನ್ನ ಮೇಲಿಂದ ವಿಮಾನಗಳು ಏಳುತ್ತಿದ್ದವು. ಖರ್ಚು ಹೆಚ್ಚಾಯಿತೆಂದು ಅಲ್ಲಿನ ಸರ್ಕಾರ ನೌಕಾಪಡೆಯನ್ನೇ ಸಣ್ಣದು ಮಾಡಲು ಹೊರಟಿತ್ತು. ಇಷ್ಟು ಹಡಗು ಬೇಡ, ಇಷ್ಟು ಜನ ಬೇಡ ಎಂದು. ಇದೂ ಮುದಿಯಾಯಿತೆಂದು ಮೂಲೆಗೆ ಸರಿಸುವವರಿದ್ದರು. ಅಷ್ಟರಲ್ಲಿ ಭೂಮಿಯ ತುತ್ತತುದಿಯ ಫಾಕ್ಲೆಂಡ್ ಎಂಬ ನಡುಗಡ್ಡೆಗಳಿಗಾಗಿ ಅರ್ಜೆಂಟೀನಾದ ಜೊತೆ ಯುದ್ಧ ಹತ್ತಿತು. ಬೇಡಾದ ಹಡಗೇ ದಂಡಿನ ಮುಂದಾಳಾಗಿ ಹೋಯಿತು. ಗೆದ್ದು ಬಂದ ಕೆಲವು ವರ್ಷಕ್ಕೆ ಅದನ್ನು ನಮ್ಮ ದೇಶಕ್ಕೆ ಮಾರಿದರು. ಇದನ್ನೆಲ್ಲ ನಾನೇ ಹೋರಾಡಿ ಬಂದವನಂತೆ ಹೇಳಿದೆ.

ಅಜ್ಜಿ ಕೇಳಿದಳು: "ಆ ನಡುಗಡ್ಡಿಯಾಗ ಏನ ಬೆಳೀತಾರ ತಮ್ಮಾ?"

"ಏನೂ ಇಲ್ಲರಿ ಅಜ್ಜಿ. ಮಂದಿಗಿಂತ ಕುರಿ ಹೆಚ್ಚು."

"ಮಂದಿ ಎಷ್ಟು ಸತ್ರು?"

"ನೂರಾರು ಮಂದಿರಿ, ಎರಡೂ ಕಡೆ" ಎಂದೆ, ಅದೂ ಎದೆಯುಬ್ಬಿಸಿ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಜ್ಜಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಒಂದು ಮಾರು ಬದುವಿನ ಸಲುವಾಗಿ ನನ್ನ ತಮ್ಮ ಕೊಡ್ಲಿ ಏಟಿಗೆ ಹೋದ. ಆ ಬದುವಿನ ಮ್ಯಾಲ ಇವತ್ತಿಗೂ ಬರೇ ಕರಿಕಿ ಹುಲ್ಲು ಬೆಳೀತೈತಿ. ಮಾಲಕರಿಗೇ ಬ್ಯಾಡಾದ ಹಡಗ, ಅಷ್ಟು ಸಾವು ಕಂಡ ಹಡಗ. ಅದರ ಮ್ಯಾಲ ಇರಾಂವಗ ನಮ್ಮ ಹುಡುಗೀನ ಕೊಡಾಕ ಆಗೂದಿಲ್ಲ. ತಪ್ಪು ತಿಳೀಬ್ಯಾಡ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಅಳುವೇ ಬಂದಂತಾಯಿತು.

ಅಪ್ಪ ಮಾತ್ರ ಅಂಗಳದ ಮೂಲೆಯನ್ನೇ ನೋಡುತ್ತಿದ್ದ. ಅಲ್ಲಿ ಮದುವೆ ಅಡುಗೆಯ ದೊಡ್ಡ ತಾಮ್ರದ ಡೇಗು ಕರ್ರಗಾಗಿ ಬೋರಲು ಬಿದ್ದಿತ್ತು. "ಅದರಾಗ ಯಾರ ಮದವಿ ಅಡಗಿ ಆಗಿತ್ರಿ ಅಮ್ಮಾ?" ಎಂದು ಕೇಳಿದ.

"ನಂದ. ನನ್ನ ಗಂಡ ತೀರಿಕೊಂಡಾಗ ನಲವತ್ತನೇ ದಿನದ ಊಟಾನೂ ಅದರಾಗ ಆತು. ಕಲಾಯಿ ಹೋಗೇತಿ, ಈಗ ಯಾರೂ ಮುಟ್ಟೂದಿಲ್ಲ."

"ಹಂಗಾದ್ರ ಅದೂ ಸಾವು ಕಂಡೈತಿ. ಯಾಕ ಮಾರಲಿಲ್ರಿ?"

ಅಜ್ಜಿ ಡೇಗಿನ ಕಡೆ ತಿರುಗಿ ನೋಡಿದಳು. ಅಪ್ಪ ಎದ್ದು ಅಂಗಿಯ ತೋಳು ಮಡಚಿ, ಡೇಗನ್ನು ಮೇಲ್ಮುಖ ಮಾಡಿದ. ಚಹಾ ಕುಡಿದ ಮನೆಯಲ್ಲಿ ಕರಿ ಪಾತ್ರೆ ಬಿಟ್ಟು ಬರಬಾರದು ಎಂಬುದು ನಮ್ಮ ಮನೆತನದ ಕಲಾಯಿಗಾರರ ಕಟ್ಟಳೆ, ಸಂಬಂಧ ಕೂಡಲಿ ಬಿಡಲಿ. ಅಪ್ಪ ನಮಾಜಿನ ಟೋಪಿ ಮರೆತಾನು, ಚೀಲದಲ್ಲಿ ತವರದ ತುಂಡು, ನವಸಾಗರದ ಪುಡಿ ಮರೆಯುವವನಲ್ಲ. "ಲೇ, ಇಳೀ ಒಳಗ" ಎಂದ ನನಗೆ.

ದೊಡ್ಡ ಡೇಗನ್ನು ಕೈಯಿಂದ ತಿಕ್ಕಲು ಆಗುವುದಿಲ್ಲ. ಮರಳು, ಬೂದಿ ಹಾಕಿ, ಗೋಣಿತಟ್ಟಿನ ತುಂಡಿನ ಮೇಲೆ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದು ಸೊಂಟ ತಿರುವಬೇಕು. ನಾನು ಬಿಳಿ ಪ್ಯಾಂಟು ಮೊಣಕಾಲಿಗೇರಿಸಿ ಡೇಗಿನೊಳಗೆ ಕುಣಿಯತೊಡಗಿದೆ. ಪರದೆಯ ಹಿಂದೆ ನಗು ಕೇಳಿಸಿತು. ಮಾನ ಹೋದದ್ದು ಹೋಗಿತ್ತು, ನಾನೂ ನಕ್ಕೆ.

"ಹಡಗದಾಗೂ ಇದ ಕೆಲಸಾ?" ಎಂದಳು ಅಜ್ಜಿ.

"ಹೌದ್ರಿ. ತುಕ್ಕು ಕೆರಿಯೂದು, ಬಣ್ಣ ಹಚ್ಚೂದು. ಯುದ್ಧ ನಾ ಕಂಡೇ ಇಲ್ಲ."

ನಿಜ ಹೇಳಿದ್ದೇ ಎದೆ ಹಗುರಾಯಿತು. ಯಾರಿಗೂ ಹೇಳದ್ದನ್ನೂ ಹೇಳಿಬಿಟ್ಟೆ. ಒಮ್ಮೆ ಹಡಗಿನ ಮಲಗುವ ಕೋಣೆಯ ಗೋಡೆ ಕೆರೆಯುವಾಗ ಹಳೆಯ ಬಣ್ಣದಡಿ ಮೊಳೆಯಿಂದ ಕೊರೆದ ಗೆರೆಗಳು ಸಿಕ್ಕಿದ್ದವು. ಯಾರೋ ದಿನ ಎಣಿಸಿದ್ದ, ಐದೈದರ ಗುಂಪು. ಕೊನೆಯ ಗುಂಪಿನಲ್ಲಿ ಮೂರೇ ಗೆರೆ. ಯುದ್ಧದ ಕಾಲದವೋ ಅದಕ್ಕೂ ಹಿಂದಿನವೋ, ಅವನು ಮನೆ ಮುಟ್ಟಿದನೋ ಇಲ್ಲವೋ, ಯಾರು ಬಲ್ಲರು.

"ಅಳಿಸಿದ್ಯಾ?" ಅಜ್ಜಿಯ ದನಿ ಬದಲಾಗಿತ್ತು.

"ಇಲ್ಲರಿ. ಅಷ್ಟು ಜಾಗಾ ಬಿಟ್ಟು ಬಣ್ಣ ಹಚ್ಚಿದೆ. ಮ್ಯಾಲಿನವರ ಕಡೆ ಬೈಸಿಕೊಂಡೆ."

ನಾನು ಹೊರಬಂದ ಮೇಲೆ ಅಪ್ಪ ಡೇಗನ್ನು ಬೆಂಕಿಯ ಮೇಲೆ ಕಾಯಿಸಿ, ನವಸಾಗರ ಉದುರಿಸಿ, ಹತ್ತಿಯಿಂದ ತವರ ಸವರಿದ. ಬಿಳಿ ಹೊಗೆ ಇಳಿದ ಮೇಲೆ ಅಜ್ಜಿ ಬಗ್ಗಿ ಒಳಗೆ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ, "ಸಕ್ರಿ ತಗೊಂಡು ಬಾ" ಎಂದಳು.

ನಮ್ಮ ಮದುವೆಯ ಅಡುಗೆ ಆ ಡೇಗಿನಲ್ಲೇ ಆಯಿತು. ಪಂಕ್ತಿಗೆ ಬಡಿಸುವ ಮೊದಲು ಅಜ್ಜಿ ಒಂದು ತಟ್ಟೆ ತೆಗೆದಿರಿಸಿ ಮುಲ್ಲಾನನ್ನು ಕರೆದಳು. ಸತ್ತವರಲ್ಲಿ ಯಾರ ಹೆಸರಿನಲ್ಲಿ ಫಾತಿಹಾ ಓದಲಿ ಎಂದು ಅವನು ಕೇಳಿದ. ಆಕೆ ತನ್ನ ತಮ್ಮನ ಹೆಸರು ಹೇಳಿದಳು. ಆಮೇಲೆ, "ಹಡಗದ ಗ್ವಾಡಿಗೆ ಗೆರಿ ಕೊರದಾಂವನ ಪಾಲೂ ಇದರಾಗ ಐತಿ" ಎಂದಳು.

"ಅವನ ಹೆಸರೇನ್ರಿ?"

"ನಮಗೇನ ಗೊತ್ತು? ಅವರವ್ವಗ ಗೊತ್ತಿರತೈತಿ. ನೀ ಓದು."