ಕೊಟ್ರಮ್ಮನವರ ಹಿತ್ತಲಿನ ರಿಲೇ

ದೆವ್ವ, ಗಾಳಿ, ಶಕುನ ಇಂಥವನ್ನು ನಾನು ಯಾವತ್ತೂ ನಂಬಿದವನಲ್ಲ. ನಂಬುವವರು ಸಿಕ್ಕರೆ ಸುಮ್ಮನೆ ಬಿಟ್ಟವನೂ ಅಲ್ಲ, ಚೆನ್ನಾಗಿ ಕಾಲೆಳೆಯುತ್ತಿದ್ದೆ. ಹರಿಹರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತನಾದ ಮೇಲೆ, ಮನೆಯ ಪಡಸಾಲೆಯಲ್ಲೇ ಒಂದು ಮೇಜು ಹಾಕಿಕೊಂಡು ರಿಲೇ ಬೋರ್ಡು ಜೋಡಿಸಿಕೊಡುವ ಕೆಲಸ ಹಿಡಿದೆ. ಕೆಲಸ ಬಹಳ ಸರಳ. ಸೆನ್ಸರ್ ಒಂದು ಸುದ್ದಿ ಕೊಡುತ್ತದೆ, ರಿಲೇ ಎಂಬ ಸಣ್ಣ ಡಬ್ಬಿ ಟಿಕ್ ಎಂದು ಸ್ವಿಚ್ ಹಾಕುತ್ತದೆ. ಟ್ಯಾಂಕು ತುಂಬಿದರೆ ಮೋಟರ್ ನಿಲ್ಲುತ್ತದೆ, ಕೋಳಿ ಶೆಡ್ಡು ಕಾದರೆ ಫ್ಯಾನು ತಿರುಗುತ್ತದೆ. ಮಲೆಬೆನ್ನೂರಿನ ಕಡೆಯ ರೈತರೊಬ್ಬರು, "ತಾನೇ ಹತ್ತಿ ತಾನೇ ಆರ್ತೈತಲ್ರಿ, ಇದರಾಗೆ ಯಾವ ದೇವ್ರು ಕುಂತೈತೆ?" ಎಂದು ಕೇಳಿದಾಗ, "ದೇವ್ರು ಕೂರೋವಷ್ಟು ಜಾಗ ಇಲ್ರಿ, ಎರಡು ತಂತಿ ಐತೆ ಅಷ್ಟೆ" ಎಂದು ನಕ್ಕಿದ್ದೆ. ಈಗ ಹೇಳುವ ಸಂಗತಿ ನಡೆದಿದ್ದು ಅದಾದ ಮೇಲೆ. ಓದಿ ನಗುವವರು ನಗಬಹುದು, ನನ್ನದೇನೂ ತಕರಾರಿಲ್ಲ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾಗರಾಜ ಅಂತ ನನ್ನ ಸ್ನೇಹಿತ ಇದ್ದಾನೆ. ನನಗಿಂತ ಚಿಕ್ಕವನು, ಒಂದೇ ಕಾರ್ಖಾನೆಯಲ್ಲಿ ಇದ್ದವನು. ಅವನ ತಾಯಿ ಕೊಟ್ರಮ್ಮನವರು ಬೇಸಿಗೆಯ ಶುರುವಿನಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಐನೋರು ಪಂಚಾಂಗ ನೋಡಿ, ಜೀವ ಹೋದ ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆ ಈ ರೂಢಿ ಇನ್ನೂ ಇದೆ. ಮನೆಗೆ ಬೀಗ ಹಾಕಿ ಬೇರೆ ಕಡೆ ಇರಬೇಕು, ಅವಧಿ ಮುಗಿಯುವವರೆಗೆ ಮನೆಯವರು ಯಾರೂ ಹೊಸ್ತಿಲು ದಾಟಬಾರದು. ನಾಗರಾಜ ಅದೇ ಬಡಾವಣೆಯಲ್ಲಿ ಎರಡು ಓಣಿ ಆಚೆ ಬಾಡಿಗೆ ಮನೆ ಹಿಡಿದ.

ಒಂದು ದಿನ ಅವನ ಹೆಂಡತಿ ಸುನಂದ ನನಗೆ ಫೋನ್ ಮಾಡಿದಳು. ಹಿತ್ತಲಿನ ಕುಂಡಗಳಲ್ಲಿ ಅತ್ತೆಯ ಗಿಡಗಳಿದ್ದವು. ಕಾಕಡ ಮಲ್ಲಿಗೆ, ಕರಿಬೇವು, ಮತ್ತೆ ಕೊಟ್ರಮ್ಮನವರು ತವರೂರು ಹದಡಿಯಿಂದ ತಂದು ದೊಡ್ಡ ಕುಂಡದಲ್ಲಿ ಬೆಳೆಸಿದ ಬಿಲ್ವದ ಪತ್ರೆ ಗಿಡ. ದಿನಾ ಬೆಳಿಗ್ಗೆ ಅದರ ಎಲೆ ಕಿತ್ತು ಪೂಜೆಗೆ ಇಡುತ್ತಿದ್ದರು.

"ಅಣ್ಣಾರ, ಆ ಗಿಡಕ್ಕೆ ನೀರು ಹೋಗೋ ಹಂಗೆ ಏನಾರ ಮಾಡಿಕೊಡ್ರಿ. ಅದು ಒಣಗಿದ್ರೆ ನಾನು ತಡ್ಕಳಾಕೆ ಆಗಲ್ಲ" ಎಂದಳು.

ಅವಳು ಹಾಗೇಕೆ ಅಂದಳು ಎಂಬುದು ನನಗೆ ಗೊತ್ತಿತ್ತು. ಕೊಟ್ರಮ್ಮನವರು ಕೊನೆಯ ಗಳಿಗೆಯಲ್ಲಿ ನೀರು ಕೇಳಿದ್ದರು. ಸುನಂದ ಒಳಗೆ ಓಡಿ ಚೊಂಬಿನಲ್ಲಿ ನೀರು ತುಂಬಿಕೊಂಡಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಒಲೆ ಆರಿಸಿ ಬಂದಳು. ಬರುವಷ್ಟರಲ್ಲಿ ಮುಗಿದಿತ್ತು. ಮಣ್ಣಿಗೆ ಬಂದಿದ್ದ ನಾದಿನಿ ಎಲ್ಲರೆದುರು, "ನಮ್ಮವ್ವನ ಬಾಯಿಗೆ ಒಂದು ಹನಿ ನೀರು ಬೀಳಲಿಲ್ಲ" ಎಂದು ಅತ್ತಳು. ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ಅವತ್ತಿನಿಂದ ಸುನಂದ ಅರ್ಧ ಆಗಿಹೋಗಿದ್ದಳು.

ಹಿತ್ತಲಿಗೆ ಓಣಿಯ ಕಡೆಯಿಂದ ಬೇರೆ ಗೇಟು ಇತ್ತು. ಹಿತ್ತಲು ಹೊಕ್ಕರೆ ಮನೆ ಹೊಕ್ಕ ಹಾಗಲ್ಲ, ಅದರಲ್ಲೂ ನಾನು ಹೊರಗಿನವನು ಎಂದು ಐನೋರೂ ಒಪ್ಪಿದರು. ಒಂದು ಡ್ರಮ್ಮಿನಲ್ಲಿ ಸಣ್ಣ ಪಂಪು ಇಳಿಸಿ, ಕುಂಡಗಳಿಗೆ ಸಪೂರ ಪೈಪು ಎಳೆದೆ. ಪತ್ರೆ ಗಿಡದ ಮಣ್ಣಿನಲ್ಲಿ ಎರಡು ಸರಳು ಚುಚ್ಚಿದೆ. ಮಣ್ಣು ಹಸಿಯಾಗಿದ್ದರೆ ಸರಳುಗಳ ನಡುವೆ ಚೂರು ಕರೆಂಟು ಹರಿಯುತ್ತದೆ, ರಿಲೇ ಸುಮ್ಮನಿರುತ್ತದೆ. ಒಣಗಿದರೆ ರಿಲೇ ಎಳೆದುಕೊಂಡು ಪಂಪು ಓಡುತ್ತದೆ. ಬೋರ್ಡಿಗೊಂದು ಸಿಮ್ ಹಾಕಿದ್ದೆ. ರಿಲೇ ಎಳೆದಾಗಲೆಲ್ಲ ನನ್ನ ಮೊಬೈಲಿಗೂ ಸುನಂದಳ ಮೊಬೈಲಿಗೂ ಮೆಸೇಜು ಬರುತ್ತಿತ್ತು.

ಕೆಲವು ದಿನ ಎಲ್ಲ ಸರಿಯಾಗಿತ್ತು. ಬಿಸಿಲಿಗೆ ಮಣ್ಣು ಒಣಗಿದಾಗ, ಮಧ್ಯಾಹ್ನವೋ ಸಂಜೆಯೋ ಮೆಸೇಜು ಬರುತ್ತಿತ್ತು. ಆಮೇಲೆ ಬೆಳಗಿನ ಜಾವ ಬರತೊಡಗಿತು. ಸಂಜೆ ನೀರು ಹೋದ ಮಣ್ಣು ತಂಪು ಹೊತ್ತಿನಲ್ಲಿ ಒಣಗುವುದು ಹೇಗೆ? ಸರಳಿಗೆ ತುಕ್ಕು ಹಿಡಿದಿರಬೇಕೆಂದು ಸ್ಟೀಲಿನ ಸರಳು ಹಾಕಿದೆ. ಮರುದಿನವೂ ಅದೇ ಹೊತ್ತಿಗೆ ಮೆಸೇಜು. ಬೋರ್ಡನ್ನೇ ಬದಲಾಯಿಸಿದೆ. ಮತ್ತೂ ಅದೇ. ಸುನಂದ ಫೋನ್ ಮಾಡಿ, ದನಿ ತಗ್ಗಿಸಿ, "ಅಣ್ಣಾರ, ಅತ್ತೆ ಹೋಗಿದ್ದೂ ಇದೇ ಹೊತ್ತಿಗೆ" ಎಂದಳು. "ಮಷೀನಿಗೆ ಹೊತ್ತು ಗೊತ್ತು ಇರಲ್ಲ ತಂಗಿ, ಎಲ್ಲೋ ಲೂಸ್ ಐತೆ" ಎಂದು ಸಮಾಧಾನ ಹೇಳಿದೆ. ನನಗೆ ಒಳಗೊಳಗೇ ರೇಗುತ್ತಿತ್ತು. ಇಷ್ಟು ವರ್ಷ ಕಾರ್ಖಾನೆಯ ದೊಡ್ಡ ದೊಡ್ಡ ಪ್ಯಾನೆಲ್ ರಿಪೇರಿ ಮಾಡಿದವನಿಗೆ ಒಂದು ಹೂಕುಂಡ ನೀರು ಕುಡಿಸುತ್ತಿತ್ತು.

ಕೊನೆಗೆ ಸೆನ್ಸರಿನ ದೋಷವನ್ನು ಹಿಡಿದೇ ತೀರಬೇಕೆಂದು ಹೊರಟೆ. ಪಂಪಿನ ತಂತಿ ಬಿಚ್ಚಿಟ್ಟೆ, ಗಿಡಗಳಿಗೆ ಕೈಯಿಂದಲೇ ನೀರು ಹಾಕಿದೆ. ಹಿತ್ತಲ ಕಟ್ಟೆಯ ಮೇಲೆ ಒಂದು ಹಿತ್ತಾಳೆ ಚೊಂಬು ಕವುಚಿಟ್ಟಿತ್ತು. ಅದನ್ನು ತೊಳೆದು, ಕಂಠದ ತನಕ ನೀರು ತುಂಬಿ, ಎರಡೂ ಸರಳುಗಳನ್ನು ಒಂದಕ್ಕೊಂದಾಗಲಿ ಚೊಂಬಿಗಾಗಲಿ ತಾಗದ ಹಾಗೆ ಅದರಲ್ಲಿ ಇಳಿಬಿಟ್ಟೆ. ಸರಳು ನೀರಿನಲ್ಲೇ ಮುಳುಗಿರುವಾಗ ರಿಲೇ ಎಳೆಯುವ ಮಾತೇ ಇಲ್ಲ. ಎಳೆದರೆ ತಪ್ಪು ನನ್ನ ಸರ್ಕ್ಯೂಟಿನದು.

ಬೆಳಗಿನ ಜಾವ ಮೆಸೇಜು ಬಂತು. ಮುಖ ತೊಳೆದವನೇ ಸ್ಕೂಟರ್ ಹತ್ತಿ ಹರಿಹರದಿಂದ ಹೋದೆ. ಸರ್ಕ್ಯೂಟಿನಲ್ಲಿ ತಪ್ಪೇನೂ ಇರಲಿಲ್ಲ. ಚೊಂಬು ಖಾಲಿಯಾಗಿತ್ತು. ತಳದಲ್ಲಿ ಒಂದು ಹನಿ ಇಲ್ಲ, ಕಟ್ಟೆಯ ಮೇಲೆ ಚೆಲ್ಲಿದ ಗುರುತಿಲ್ಲ.

ಬೆಕ್ಕು ಇರಬಹುದು, ಕಾಗೆ ಇರಬಹುದು ಎಂದುಕೊಂಡೆ. ಮತ್ತೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಭಾರದ ಕಲ್ಲು ಹೇರಿ ಬಂದೆ. ಮರುದಿನ ಕಲ್ಲು ಇದ್ದಲ್ಲೇ ಇತ್ತು, ತಟ್ಟೆ ಇದ್ದಲ್ಲೇ ಇತ್ತು. ಚೊಂಬಿನಲ್ಲಿ ನೀರಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಭಯವಾಯಿತು. ಚೊಂಬನ್ನು ಮುಟ್ಟಲು ಕೈ ಬರಲಿಲ್ಲ.

ನಾಗರಾಜನ ಬಾಡಿಗೆ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಬಿಳಿಚಿಕೊಂಡ. "ಎಲ್ಲಾ ಕಿತ್ತು ಬಿಸಾಕಿಬಿಡು ಮಾರಾಯ, ಗಿಡನೂ ಬ್ಯಾಡ ಏನೂ ಬ್ಯಾಡ" ಎಂದ. ಸುನಂದ ಮಾತ್ರ, "ಯಾವ ಚೊಂಬು ಅಣ್ಣಾರ?" ಎಂದು ಕೇಳಿದಳು. ಅಂಚಿನಲ್ಲಿ ಸಣ್ಣ ತಗ್ಗು ಬಿದ್ದದ್ದು ಎಂದೆ. ಅವಳು ಗೋಡೆ ಹಿಡಿದುಕೊಂಡಳು.

"ಅವತ್ತು ನನ್ನ ಕೈಯಾಗಿದ್ದುದು ಅದೇ. ಆ ನೀರು ಪತ್ರೆ ಗಿಡಕ್ಕೆ ಸುರುವಿ ಅಲ್ಲೇ ಕವುಚಿಟ್ಟಿದ್ದೆ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಒಂದೇ ಒಂದು ದಿನ ಬಿಡ್ರಿ. ನಾನೇ ತುಂಬಿ ಕೊಡ್ತೀನಿ. ಗೇಟು ದಾಟಲ್ಲ" ಎಂದು ಕೈಮುಗಿದಳು. ನಾಗರಾಜ ಎದ್ದು ಒಳಗೆ ಹೋದ.

ಮರುದಿನ ಇನ್ನೂ ಬೆಳಕು ಹರಿಯುವ ಮೊದಲೇ ನಾನು ಹಿತ್ತಲಲ್ಲಿದ್ದೆ. ಸುನಂದ ತಲೆಗೆ ಸ್ನಾನ ಮಾಡಿ, ಬಾಡಿಗೆ ಮನೆಯಿಂದ ಕೊಡದಲ್ಲಿ ನೀರು ತಂದು ಓಣಿಯಲ್ಲಿ ನಿಂತಿದ್ದಳು. ಗೇಟಿನ ಮೇಲಿಂದ ಚೊಂಬು ಕೊಟ್ಟೆ. ತುಂಬಿ, ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟಳು. ನಾನು ಸರಳು ಇಳಿಬಿಟ್ಟು, ತಟ್ಟೆ ಮುಚ್ಚಿ, ಕಲ್ಲು ಇಟ್ಟು, ಮಾರು ದೂರದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಟಾರ್ಚಿನ ಬೆಳಕನ್ನು ಚೊಂಬಿನ ಮೇಲೇ ಬಿಟ್ಟಿದ್ದೆ. ಗಾಳಿ ಇರಲಿಲ್ಲ. ಪತ್ರೆ ಗಿಡದ ಒಂದೆಲೆಯೂ ಅಲುಗಲಿಲ್ಲ. ಮುಖ್ಯರಸ್ತೆಯಲ್ಲಿ ಹಾಲಿನ ಗಾಡಿ ಹೋದ ಸದ್ದು ಕೇಳಿತು, ಆಮೇಲೆ ಅದೂ ಇಲ್ಲ. ನಾನು ಕಣ್ಣು ಪಿಳುಕಿಸಿರಬಹುದು, ಬೇರೆ ಕಡೆ ನೋಡಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ.

ರಿಲೇ ಟಿಕ್ ಎಂದಿತು. ಬೋರ್ಡಿನ ಕೆಂಪು ದೀಪ ಹತ್ತಿತು. ಗೇಟಿನಾಚೆ ಸುನಂದಳ ಮೊಬೈಲೂ ನನ್ನ ಜೇಬಿನ ಮೊಬೈಲೂ ಒಟ್ಟಿಗೆ ಸದ್ದು ಮಾಡಿದವು.

ಕಲ್ಲು ಇಳಿಸಿ ತಟ್ಟೆ ಎತ್ತಿದೆ. ಚೊಂಬು ಬರಿದಾಗಿತ್ತು.

"ಆತೇನ್ರಿ ಅಣ್ಣಾರ?" ಎಂದಳು ಆಚೆಯಿಂದ.

"ಆತವ್ವ" ಎಂದೆ.

ಅವಳು ಓಣಿಯ ನೆಲದ ಮೇಲೆ ಹಾಗೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಣ್ಣಿನ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ತಡೆಯಲಿಲ್ಲ.

ಆ ದಿನದ ನಂತರ ಬೆಳಗಿನ ಜಾವ ಮೆಸೇಜು ಬರಲಿಲ್ಲ. ಸರಳನ್ನು ಮತ್ತೆ ಕುಂಡಕ್ಕೆ ಚುಚ್ಚಿದೆ, ಪಂಪಿನ ತಂತಿ ಸೇರಿಸಿದೆ. ಮಣ್ಣು ಒಣಗಿದಾಗ ಓಡಿತು, ಹಸಿಯಾದಾಗ ನಿಂತಿತು. ಚೊಂಬನ್ನು ಕೇಳಿ ತಂದು ನನ್ನ ಮೇಜಿನ ಮೇಲೆ ನೀರು ತುಂಬಿ ದಿನಗಟ್ಟಲೆ ಇಟ್ಟು ನೋಡಿದೆ. ಎಲ್ಲೂ ಸೋರಲಿಲ್ಲ. ಗೊತ್ತಿದ್ದ ಎಂಜಿನಿಯರೊಬ್ಬರಿಗೆ ಹೇಳಿದರೆ, ನಿದ್ದೆಗಣ್ಣು ಎಂದರು. ಇರಬಹುದು. ಆದರೆ ಸರಳಿಗೆ ನಿದ್ದೆಗಣ್ಣು ಇರುವುದಿಲ್ಲವಲ್ಲ.

ಮೂರು ತಿಂಗಳಾದ ಮೇಲೆ ಶಾಂತಿ ಮಾಡಿಸಿ ಮನೆ ಹೊಕ್ಕರು. ನಾನೂ ಊಟಕ್ಕೆ ಹೋಗಿದ್ದೆ. ಸುನಂದ ಮೈ ತುಂಬಿಕೊಂಡಿದ್ದಳು, ನಾದಿನಿಯ ಜೊತೆ ನಗುತ್ತ ಬಡಿಸುತ್ತಿದ್ದಳು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವಳೂ ಬಂದಳು. ಅವತ್ತಿನ ವಿಷಯ ಅಲ್ಲಿಯವರೆಗೆ ನಾವಿಬ್ಬರೂ ಎತ್ತಿರಲಿಲ್ಲ. ನಾನೇ ಕೇಳಿದೆ, ಗೇಟಿನ ಹೊರಗೆ ನಿಂತವಳಿಗೆ ಒಳಗಿನದು ಕಾಣುತ್ತಿರಲಿಲ್ಲವಲ್ಲ, ಸರಿಯಾಗಿ ಆ ಹೊತ್ತಿಗೇ "ಆತೇನ್ರಿ" ಎಂದು ಕೇಳಿದ್ದು ಹೇಗೆ, ಮೆಸೇಜು ನೋಡಿಯೇ ಎಂದು.

ಅವಳು ನನ್ನ ಮುಖವನ್ನೇ ನೋಡಿದಳು. "ಮೆಸೇಜು ಯಾಕ ನೋಡ್ಲಿ ಅಣ್ಣಾರ? ಗುಟುಕು ಗುಟುಕಾಗಿ ಕುಡಿಯೋದು ಅಷ್ಟು ದೂರಕ್ಕೆ ನನಗೇ ಕೇಳ್ತಿತ್ತು. ನೀವು ಪಕ್ಕದಾಗೇ ಕುಂತಿದ್ರಲ್ಲ, ನಿಮಗೆ ಕೇಳಲಿಲ್ಲೇನು?"

ನನಗೆ ಕೇಳಿಸಿದ್ದು ರಿಲೇ ಟಿಕ್ ಎಂದ ಸದ್ದು ಮಾತ್ರ.