ರೋಸ್‌ಗೆ ತಂದ ತೆಂಗಿನ ಹಾಲಿನ ಹುಡಿ

ಕಳೆದ ಜನವರಿಯ ಎರಡನೇ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಶಿರ್ವದಲ್ಲಿ, ನನ್ನ ಅಕ್ಕನ ಮಗಳು ತನ್ನ ರೋಸ್‌ಗೆ ಕೂರುವುದಿಲ್ಲ ಎಂದಳು. ನಮ್ಮ ಕ್ರೈಸ್ತ ಮನೆಗಳಲ್ಲಿ ಮದುವೆಯ ಮುನ್ನಾದಿನ ಮದುಮಗಳ, ಮದುಮಗನ ತಲೆಗೆ ಅವರವರ ಮನೆಯಲ್ಲಿ ಎಲ್ಲರೂ ತೆಂಗಿನ ಹಾಲು ಸುರಿದು ಮೀಯಿಸುತ್ತಾರೆ, ಅದೇ ರೋಸ್. ಆರು ಗಂಟೆಗೆ ಬರುವಂತೆ ನೆಂಟರಿಗೆಲ್ಲ ಹೇಳಿಯಾಗಿತ್ತು.

ಅಂಗಳದ ಸುತ್ತ ಹನ್ನೊಂದು ತೆಂಗಿನ ಮರಗಳಿದ್ದವು. ಕಾಯಿ ಕೀಳುವವನು ಮೂರು ದಿನಗಳಿಂದ ‘ನಾಳೆ’ ಎನ್ನುತ್ತಿದ್ದ. ಹಾಗಾಗಿ ಅಕ್ಕ ಮಣಿಪಾಲದ ಅಂಗಡಿಯಿಂದ ತೆಂಗಿನ ಹಾಲಿನ ಹುಡಿ ತರಿಸಿದ್ದಳು. ಮದುಮಗಳು ವೀಗನ್. ಹಾಲು, ಮೊಸರು, ಜೇನು ಯಾವುದನ್ನೂ ಮುಟ್ಟುವುದಿಲ್ಲ. ಪೊಟ್ಟಣದ ಹಿಂಬದಿ ಓದಿದಳು. ಅಲ್ಲಿ ಸೋಡಿಯಂ ಕೇಸಿನೇಟ್ ಎಂದಿತ್ತು.

“ಸಸ್ಯಾಹಾರದ ಹಸಿರು ಚುಕ್ಕಿ ಉಂಟಲ್ಲ ಮಾರಾಯ್ತಿ,” ಎಂದಳು ಅಕ್ಕ.

“ತುಪ್ಪಕ್ಕೂ ಹಸಿರು ಚುಕ್ಕಿ ಉಂಟು, ಮಮ್ಮಿ.”

“ನೀನು ಕುಡಿಯುವುದಲ್ಲವಲ್ಲ. ತಲೆಗೆ ಹಾಕುವುದು.”

“ಬಾಯಿಗೆ ಇಳಿಯುವುದಿಲ್ವಾ? ಮಾಮ, ನೀವೇ ಹೇಳಿ.”

ಇಳಿಯುತ್ತದೆ. ಅವಳ ಅಣ್ಣನ ರೋಸ್‌ನಲ್ಲಿ ನಾನೇ ನೋಡಿದ್ದೆ.

ಆ ಕೇಸಿನೇಟ್ ಏನೆಂದು ಖಚಿತಪಡಿಸಿಕೊಳ್ಳಲು ಕಾರ್ಕಳದಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯನಿಗೆ ಫೋನ್ ಮಾಡಿದೆ.

“ಅದು ದನದ ಹಾಲಿನ ಪ್ರೋಟೀನ್. ಹುಡಿ ನೀರಿನಲ್ಲಿ ಸರಿಯಾಗಿ ಬೆರೆಯಲಿಕ್ಕೆ ಹಾಕ್ತಾರೆ. ಎಂತ, ಯಾರಿಗಾದರೂ ಅಲರ್ಜಿಯಾ?”

“ಇಲ್ಲ. ಮದುಮಗಳ ತಲೆಗೆ ಹಾಕಲಿಕ್ಕೆ.”

“ಕೂದಲಿಗೆ ತೊಂದರೆ ಇಲ್ಲ,” ಎಂದ ಅವನು.

ನಾನು ಕಾಪುವಿಗೆ ಹೋಗಿ ಮೂವತ್ತು ತೆಂಗಿನಕಾಯಿ ಕೊಂಡು ತಂದೆ. ಹೊತ್ತಿಗೆ ಸರಿಯಾಗಿ ಬಂದ ನೆಂಟರ ಕೈಗೆ ಕಾಯಿ ತುರಿಯುವ ಕೆಲಸ ಕೊಟ್ಟೆವು. ರೇಷ್ಮೆ ಸೀರೆ ಎತ್ತಿಕಟ್ಟಿದ ಐವರು ಹೆಂಗಸರು ಕಾಯಿ ತುಂಬಿದ ಮರಗಳ ಬುಡದಲ್ಲಿ ಕುಳಿತು, ಕೊಂಡು ತಂದ ಕಾಯಿ ತುರಿದರು. ಬ್ಯಾಂಡಿನವರಿಗೆ ಎರಡನೇ ಸಲ ಚಹಾ ಹೋಯಿತು.

ಅಷ್ಟರಲ್ಲಿ ಮದುಮಗಳಿಗೆ ಉಡುಪಿಯ ನೆನಪಾಯಿತು. ಮದುಮಗನ ರೋಸ್ ಅಲ್ಲಿ ಅವನ ಮನೆಯಲ್ಲಿ ಅದೇ ಸಂಜೆ ಇತ್ತು. ಅವಳನ್ನು ವೀಗನ್ ಮಾಡಿದವನೂ ಅವನೇ. ಅವಳು ಸ್ಪೀಕರ್ ಹಾಕಿ ಫೋನ್ ಮಾಡಿದಳು.

“ನಿಮ್ಮಲ್ಲಿ ಕಾಯಿಯ ಹಾಲಾ, ಹುಡಿಯದ್ದಾ?”

“ಹುಡಿಯದ್ದು. ಈಗಷ್ಟೇ ಮುಗೀತು. ಯಾಕೆ?”

“ಬಾಯಿಗೆ ಹೋಯ್ತಾ?”

“ಬಾಯಿಗೆ ಎಂತ, ಮೂಗಿಗೂ ಹೋಯ್ತು. ಭಾರಿ ರುಚಿ ಉಂಟು ಮಾರಾಯ್ತಿ!”

ಅವಳು ನನ್ನ ಮುಖ ನೋಡಿದಳು. ಸ್ಪೀಕರ್ ಆಫ್ ಮಾಡಿ, “ಸುಮ್ಮನೆ ಕೇಳಿದ್ದು,” ಎಂದಳು.

ಏಳೂಕಾಲಿಗೆ ರೋಸ್‌ಗೆ ಕುಳಿತಳು. ಮರುದಿನ ಮದುವೆ ನಡೆಯಿತು. ಸೋಡಿಯಂ ಕೇಸಿನೇಟ್ ವಿಷಯವನ್ನು ಅವಳು ಗಂಡನಿಗೆ ಇನ್ನೂ ಹೇಳಿಲ್ಲ.