ಕಂಪ್ಯೂಟರಿಗೆ ಕುತ್ತಿಗೆ ಬಂದ ದಿನ

ಬನಹಟ್ಟಿಯ ಮೊದಲ ಬೆಳಗ್ಗೆ ನಾನು ಎದ್ದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಏನೋ ಅನಾಹುತವಾಯಿತೆಂದು ಧಡಕ್ಕನೆ ಎದ್ದು ಕೂತೆ. ಮನೆಯೊಡತಿ ಶಾಂತವ್ವ ಬಾಗಿಲಲ್ಲಿ ಇಣುಕಿದರು.

"ಅಂಜಬ್ಯಾಡ್ರಿ, ಕರೆಂಟ್ ಹೋಗೇತಿ. ಮಗ್ಗ ಶುರು ಆದ್ವಂದ್ರ ಮತ್ತ ನಿದ್ದಿ ಹತ್ತತೈತಿ, ಮಲಗ್ರಿ."

ಗದ್ದಲವಾದರೆ ನಿದ್ದೆ ಬರುತ್ತದೆ ಎನ್ನುವ ಊರು! ಮೈಸೂರಿನಲ್ಲಿ ಹಾಲಿನವನ ಸೈಕಲ್ ಗಂಟೆಗೇ ಏಳುತ್ತಿದ್ದವಳು ನಾನು. ಇಲ್ಲಿ ತಿಂಗಳು ನಿಲ್ಲುವುದೂ ಕಷ್ಟ ಅಂದುಕೊಂಡೆ. ಏಳು ವರ್ಷ ಕಳೆದರೂ ಹೊರಡಲಿಲ್ಲ.

ಬಂದದ್ದು ಮೆಕ್ಯಾನಿಕಲ್ ಎಂಜಿನಿಯರ್ ಆಗಿ, ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ. ಕಬ್ಬು ಅರೆಯುವ ಉರುಳೆಗಳು ನನ್ನ ಪಾಲಿನವು. ನಮ್ಮ ಕಡೆ ಬೈಯಲು ಏಕವಚನಕ್ಕೆ ಇಳಿಯುತ್ತೇವೆ. ಇಲ್ಲಿ ಬೈಯುವಾಗಲೂ 'ರೀ' ಬಿಡುವುದಿಲ್ಲ. "ತಲಿ ಕೆಟ್ಟೈತೇನ್ರೀ ನಿಮಗ?" ಎಂದು ಫಿಟ್ಟರ್ ಒಬ್ಬರು ಕೂಗಿದಾಗ ಸಿಟ್ಟಾಗಬೇಕೋ ನಮಸ್ಕಾರ ಮಾಡಬೇಕೋ ತಿಳಿಯಲಿಲ್ಲ. ಹಬ್ಬದ ದಿನ ಒಬ್ಬಳೇ ಕೂತು ಅತ್ತದ್ದೂ ಉಂಟು. ಶಾಂತವ್ವ ರೊಟ್ಟಿ ಬಡಿಯಲು ಕಲಿಸಿದರು. ನನ್ನ ಮೊದಲ ರೊಟ್ಟಿ ನೋಡಿ, "ರೊಟ್ಟಿ ಅಲ್ಲವ್ವಾ ಇದು, ನಕಾಶಿ" ಅಂದರು. ಕಡಲೆಹಿಟ್ಟಿನ ಜುಣಕದ ಜೊತೆ ಆ ನಕಾಶೆಯನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಯಂತ್ರಗಳ ಮೇಲೆ ನನಗೆ ಕೋಪವಿರಲಿಲ್ಲ. ಆದರೆ ಪ್ರತಿ ಕಬ್ಬಿನ ಹಂಗಾಮಿನಲ್ಲೂ ಅದೇ ಉರುಳೆ ಸವೆಯುತ್ತಿತ್ತು, ಪ್ರತಿ ಬೇಸಿಗೆಯಲ್ಲೂ ಅದನ್ನೇ ರಿಪೇರಿ ಮಾಡುತ್ತಿದ್ದೆ. ಸವೆಯದ ಏನನ್ನಾದರೂ ಮಾಡಬೇಕೆನಿಸಿ ಎರಡು ವರ್ಷದ ಭಾನುವಾರಗಳನ್ನು ಪ್ರೋಗ್ರಾಮಿಂಗ್ ಕಲಿಯುವುದಕ್ಕೆ ಕೊಟ್ಟೆ. ಮೈಸೂರಿನಿಂದ ಅಣ್ಣ ಫೋನಿನಲ್ಲಿ ನಕ್ಕ: "ಸಾಫ್ಟ್‌ವೇರ್ ಅಂದ್ಮೇಲೆ ಬೆಂಗಳೂರಿಗೆ ಬರೋದಲ್ವೇನೇ? ಮುಧೋಳದಲ್ಲಿ ನಾಯಿ ಬಿಟ್ಟು ಇನ್ನೇನಿದೆ?" ಹಾಳೂರಿಗೆ ಉಳಿದವನೇ ಗೌಡ; ಕೋಡ್ ಬರೆಯುವವರು ಕಾರ್ಖಾನೆಯಲ್ಲಿ ನನ್ನನ್ನು ಬಿಟ್ಟರೆ ಇರಲಿಲ್ಲ. ಯಾರ್ಡಿಗೆ ಬಂದು ನಿಲ್ಲುವ ಕಬ್ಬಿನ ಗಾಡಿಗಳ ಸರದಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆಂದು ಮ್ಯಾನೇಜರರಿಗೆ ಹೇಳಿದೆ.

ಅವರು ಒಪ್ಪಿದರು, ಷರತ್ತಿನ ಮೇಲೆ. "ಯಾರ್ಡಿನ್ಯಾಗ ಗದ್ದಲ ಆತಂದ್ರ ಅಲ್ಲಿಗೆ ಮುಗೀತ್ರಿ. ನಿಮ್ಮ ಹಳೇ ಕುರ್ಚಿಗೆ ಬ್ಯಾರೆಯವ್ರು ಬಂದಾರ." ಅಂದರೆ ಸೋತರೆ ಗಂಟುಮೂಟೆ ಕಟ್ಟಬೇಕು. ಆಗಲೇ ನನಗೆ ತಿಳಿದದ್ದು, ಈ ಊರು ಬಿಡಲು ನನಗೆ ಇಷ್ಟವಿಲ್ಲವೆಂದು.

ಹಂಗಾಮಿನ ಮೊದಲ ದಿನ. ಮೊದಲು ಬಂದವರಿಗೆ ಮೊದಲ ಟೋಕನ್; ಇದಕ್ಕಿಂತ ನ್ಯಾಯ ಯಾವುದಿದೆ ಎಂದು ಪರದೆಯ ಮುಂದೆ ಬೀಗುತ್ತ ಕೂತಿದ್ದೆ. ಸವೆಯಬಾರದೆಂದು ಮಾಡಿದ ನನ್ನ ಪ್ರೋಗ್ರಾಮು ಎರಡೇ ತಾಸಿನಲ್ಲಿ ಸವೆಯಿತು. ಹೊರಗೆ ಕೂಗಾಟ. ಹೋಗಿ ನೋಡಿದರೆ ಟ್ರ್ಯಾಕ್ಟರುಗಳ ನಡುವೆ ಎತ್ತಿನ ಗಾಡಿಗಳು ಸಿಕ್ಕಿಕೊಂಡಿದ್ದವು. ಲೋಕಾಪುರ ಕಡೆಯ ಗಾಡಿಯವರೊಬ್ಬರು, ಯಮನಪ್ಪ ಎನ್ನುವವರು, ನನ್ನ ಎದುರು ಬಂದು ನಿಂತರು.

"ಮೇಡಮ್ಮರ, ನಿಮ್ಮ ಕಂಪ್ಯೂಟರಿಗೆ ಕುತ್ತಿಗಿ ಐತೇನ್ರಿ?"

"ಯಾಕ್ರಿ?"

"ಟ್ರ್ಯಾಕ್ಟರ್ ಬಂದ್ ಮಾಡಿದ್ರ ಆರಾಮ ನಿಂದ್ರತೈತಿ. ಎತ್ತು ನಿಂತ್ರೂ ಕುತ್ತಿಗಿ ಮ್ಯಾಲ ಭಾರ ಹೊರತಾವ್ರಿ. ಬಿಚ್ಚೋಣಂದ್ರ ಸಾಲು ಹತ್ತು ನಿಮಿಷಕ್ಕೊಮ್ಮಿ ಸರೀತೈತಿ. ಹಿಡೀರಿ, ನೊಗ ಹಿಡೀರಿ."

ಅವರು ಎಡದ ಎತ್ತಿನ ಕೊರಳ ಪಟ್ಟಿ ಸಡಿಲಿಸಿದರು. ನಾನು ನೊಗಕ್ಕೆ ಹೆಗಲು ಕೊಟ್ಟೆ. ಅವರೂ ಕೈ ಹಚ್ಚಿದ್ದರು, ಆದರೂ ಹತ್ತು ಎಣಿಸುವುದರೊಳಗೆ ಸಾಕೆಂದೆ. ನಾಚಿಕೆಯಾಯಿತು. ಎತ್ತಿನ ಗಾಡಿಗೆ ಬೇರೆ ಸಾಲು, ಅವು ಮೊದಲು, ಎಂಬುದು ಯಾರ್ಡಿನ ಹಳೆಯ ರೂಢಿಯಂತೆ. ಯಾರೂ ಬರೆದಿಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಏಳು ವರ್ಷ ಕಬ್ಬನ್ನು ಕಂಡದ್ದು ಅದು ಉರುಳೆಗೆ ಬೀಳುವಾಗ ಮಾತ್ರ.

ಮ್ಯಾನೇಜರ್ ಬಂದರು. "ಬಂದ್ ಮಾಡ್ರಿ ನಿಮ್ಮ ಆಟ."

"ಒಂದ್ ತಾಸು ಕೊಡ್ರಿ ಸರ್. ಆಗಲಿಲ್ಲಂದ್ರ ನಾನಽ ಹೊಂಟೆ," ಎಂದೆ. ಭಾಷೆ ಯಾವಾಗ ಬದಲಾಯಿತೋ ಗಮನಿಸಲಿಲ್ಲ.

ಎತ್ತಿನ ಗಾಡಿಗಳಿಗೆ ಪ್ರೋಗ್ರಾಮಿನಲ್ಲಿ ಬೇರೆ ಸಾಲು ಬರೆದೆ. ಗಾಡಿಗಳನ್ನಷ್ಟೇ ಬಿಟ್ಟರೆ ಗಿರಣಿಯ ಹೊಟ್ಟೆ ತುಂಬುವುದಿಲ್ಲ. ಅದರ ಹಸಿವು ಎಷ್ಟೆಂದು ನನಗಿಂತ ಚೆನ್ನಾಗಿ ಯಾವ ಸಾಫ್ಟ್‌ವೇರ್‌ನವನಿಗೆ ಗೊತ್ತು? ಮೂರು ಗಾಡಿಗೊಂದು ಟ್ರ್ಯಾಕ್ಟರ್ ಸೇರಿಸಿದೆ. ಕೆಲಸ ಮುಗಿದಾಗ ತಾಸಿಗೆ ಇನ್ನೂ ಐದು ನಿಮಿಷ ಬಾಕಿ. ಮಧ್ಯಾಹ್ನದ ಹೊತ್ತಿಗೆ ಯಾರ್ಡಿನಲ್ಲಿ ನೊಗ ಹೊತ್ತು ನಿಂತ ಎತ್ತು ಒಂದೂ ಇರಲಿಲ್ಲ. ಖಾಲಿ ಗಾಡಿಯಲ್ಲಿ ಹೊರಟ ಯಮನಪ್ಪ ಕೂಗಿದರು: "ಈಗ ಬಂತ್ ನೋಡ್ರಿ ಕುತ್ತಿಗಿ!" ಮರುದಿನ ಮ್ಯಾನೇಜರ್ ನನ್ನ ಮೇಜಿಗೆ ಹೊಸ ಕುರ್ಚಿ ಕಳಿಸಿದರು.

ಹಂಗಾಮು ಮುಗಿದ ಮೇಲೆ ಮೈಸೂರಿಗೆ ಹೋದೆ. ಅಣ್ಣ ಬೆಂಗಳೂರಿನ ಕೆಲಸವೊಂದನ್ನು ನೋಡಿಟ್ಟಿದ್ದ, ಬೇಡವೆಂದೆ. ಅಮ್ಮ ಕೇಳಿಸಿಕೊಳ್ಳುತ್ತಲೇ ನನಗೆ ತನ್ನ ಪಕ್ಕ ಹಾಸಿಗೆ ಹಾಸಿದಳು. ಮರುದಿನ ಬೆಳಗಿನ ಜಾವ ಧಡಕ್ಕನೆ ಎದ್ದು ಕೂತೆ. ಎಲ್ಲೂ ಮಗ್ಗದ ಸದ್ದಿಲ್ಲ.

"ಕರೆಂಟ್ ಹೋಗೇತೇನು?" ಎಂದೆ.

ಪಕ್ಕದಲ್ಲಿದ್ದ ಅಮ್ಮ ತಿರುಗುತ್ತಿದ್ದ ಫ್ಯಾನನ್ನೂ ನನ್ನನ್ನೂ ನೋಡಿದಳು. ಆಮೇಲೆ ನನ್ನ ಹೊದಿಕೆ ಸರಿಮಾಡುತ್ತ ಮೆಲ್ಲಗೆ ಕೇಳಿದಳು:

"ಊರಿಗೆ ಯಾವಾಗ ಹೊರಡ್ತೀಯಮ್ಮ?"